ಸ್ಟ್ಯಾನ್‌ಫರ್ಡ್ ಕ್ರೀಡಾಂಗಣದ ಒಂದು ವರ್ಷ

ಕೇಳುಗರಿಗೆ ನಮಸ್ಕಾರ.

2020ರ ಜುಲೈ 8ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವು ಒಂದು ಬಹಿರಂಗ ಪತ್ರವನ್ನು ಪ್ರಕಟಿಸಿತು. ತನ್ನಲ್ಲಿದ್ದ 36 ಕ್ರೀಡಾ ತಂಡಗಳ ಪೈಕಿ ಕುಸ್ತಿ, ಕತ್ತಿವರಸೆ, ಮಹಿಳೆಯರ ಹಾಕಿ, ಪುರುಷರ ವಾಲಿಬಾಲ್, ದೋಣಿ ಸ್ಪರ್ಧೆ, ಸ್ಕ್ವಾಷ್ ಮೊದಲಾದ 11 ತಂಡಗಳನ್ನು ಮುಂದಿನ ಶೈಕ್ಷಣಿಕ ವರ್ಷದ ಕೊನೆಗೆ ಮುಚ್ಚುವುದಾಗಿ ಆ ಪತ್ರ ತಿಳಿಸಿತ್ತು. ಇದರಿಂದ 240ಕ್ಕೂ ಹೆಚ್ಚು ವಿದ್ಯಾರ್ಥಿ ಕ್ರೀಡಾಪಟುಗಳೂ 22 ಮಂದಿ ತರಬೇತುದಾರರೂ ನೆಲೆ ಕಳೆದುಕೊಳ್ಳುವವರಿದ್ದರು. ಅಲ್ಲಿಂದ ಮುಂದಿನ ಮೇ ತಿಂಗಳವರೆಗಿನ ಹತ್ತು ತಿಂಗಳು ಆ ಕ್ರೀಡಾ ವಿಭಾಗ ಕಂಡ ಏಳುಬೀಳುಗಳೇ ನನ್ನ ಇಂದಿನ ಮಾತಿನ ವಿಷಯ.

ಈ ಸುದ್ದಿ ಅಷ್ಟು ಆಘಾತವನ್ನು ಏಕೆ ಉಂಟುಮಾಡಿತು ಎಂಬುದನ್ನು ತಿಳಿಯಲು ಸ್ವಲ್ಪ ಹಿನ್ನೆಲೆ ಬೇಕು. ಅಮೆರಿಕದ ಕಾಲೇಜುಗಳು ಎಲ್ಲ ಆಟಗಳಲ್ಲಿ ತೋರಿದ ಒಟ್ಟು ಸಾಧನೆಯನ್ನು ಲೆಕ್ಕಹಾಕಿ ಪ್ರತಿವರ್ಷ ಡೈರೆಕ್ಟರ್ಸ್ ಕಪ್ ಎಂಬ ಪ್ರಶಸ್ತಿಯನ್ನು ನೀಡಲಾಗುತ್ತದೆ. 1995ರಿಂದ 2019ರವರೆಗೆ, ಸತತ 25 ಬಾರಿ, ಅದು ಸ್ಟ್ಯಾನ್‌ಫರ್ಡ್ ಪಾಲಾಗಿತ್ತು. ಹಣ ತರುವ ಅಮೆರಿಕನ್ ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್‌ಗಳ ಜೊತೆಗೆ, ಟಿಕೆಟ್ ಮಾರಾಟದಿಂದ ಏನೂ ಬಾರದ ಆಟಗಳನ್ನೂ ಅಷ್ಟೇ ಶ್ರದ್ಧೆಯಿಂದ ಸಾಕಿಕೊಂಡು ಬಂದದ್ದೇ ಆ ಹಿರಿಮೆಗೆ ಕಾರಣ. ಮುಚ್ಚಬೇಕೆಂದು ಗುರುತಿಸಿದ 11 ಆಟಗಳಿಂದಲೇ 20 ರಾಷ್ಟ್ರೀಯ ಪ್ರಶಸ್ತಿಗಳೂ 27 ಒಲಿಂಪಿಕ್ ಪದಕಗಳೂ ಬಂದಿದ್ದವು.

ಆಡಳಿತದ ಕಷ್ಟ ಸುಳ್ಳಾಗಿರಲಿಲ್ಲ. ಕೋವಿಡ್ ಬರುವ ಮೊದಲೇ ಕ್ರೀಡಾ ವಿಭಾಗದಲ್ಲಿ ವಾರ್ಷಿಕ ಕೊರತೆಯಿತ್ತು. ಸಾಂಕ್ರಾಮಿಕ ಅದನ್ನು ಇಮ್ಮಡಿಗೊಳಿಸಿತು. ಆ 11 ಆಟಗಳನ್ನು ಶಾಶ್ವತವಾಗಿ ಉಳಿಸಿಕೊಳ್ಳಲು 20 ಕೋಟಿ ಡಾಲರಿಗೂ ಹೆಚ್ಚಿನ ನಿಧಿ ಬೇಕೆಂದು ವಿಶ್ವವಿದ್ಯಾಲಯ ಹೇಳಿತು. ಆದರೆ ಆ ಹೊತ್ತಿಗೆ ಅದರ ಬಳಿಯಿದ್ದ ದತ್ತಿನಿಧಿಯ ಮೊತ್ತ ಸುಮಾರು 2,900 ಕೋಟಿ ಡಾಲರ್. ದತ್ತಿಯ ಹಣವನ್ನು ಬೇಕಾದ ಕಡೆಗೆ ತಿರುಗಿಸಲು ಬರುವುದಿಲ್ಲ ಎಂಬುದನ್ನು ಒಪ್ಪಬಹುದು. ಆದರೂ ಇಷ್ಟು ದೊಡ್ಡ ತೀರ್ಮಾನವನ್ನು ಕೈಗೊಳ್ಳುವ ಮೊದಲು ಆ ಆಟಗಳನ್ನು ಪ್ರೀತಿಸುವ ಹಳೆಯ ವಿದ್ಯಾರ್ಥಿಗಳನ್ನು ಕರೆದು, ‘ನಿಮ್ಮಿಂದ ಏನಾದೀತು?’ ಎಂದು ಬಹಿರಂಗವಾಗಿ ಕೇಳಬೇಕಿತ್ತು. ನನ್ನ ದೃಷ್ಟಿಯಲ್ಲಿ ಆ ವರ್ಷದ ಅತಿ ದೊಡ್ಡ ಸೋಲು ಅದೇ, ಮತ್ತು ಅದು ಮೈದಾನದ ಹೊರಗೆ ಆದದ್ದು.

ಇನ್ನು ಆಟದ ಮಾತು. ನವೆಂಬರ್ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್ ಇರುವ ಸಾಂತಾ ಕ್ಲಾರಾ ಕೌಂಟಿಯ (ಜಿಲ್ಲೆಯ) ಆಡಳಿತವು ಸೋಂಕು ತಡೆಯಲು ಮೈಗೆ ಮೈ ತಾಗುವ ಆಟಗಳನ್ನೆಲ್ಲ, ಅವುಗಳ ಅಭ್ಯಾಸವನ್ನೂ ಸೇರಿಸಿ, ನಿಷೇಧಿಸಿತು. ಪುರುಷರ ಅಮೆರಿಕನ್ ಫುಟ್‌ಬಾಲ್ ತಂಡ ಉತ್ತರದ ಸಿಯಾಟಲ್‌ಗೆ ಹೋಗಿ ಅಭ್ಯಾಸ ನಡೆಸಿತು. ಮಹಿಳೆಯರ ಬಾಸ್ಕೆಟ್‌ಬಾಲ್ ತಂಡವಂತೂ ಸುಮಾರು ಎರಡು ತಿಂಗಳಿಗೂ ಹೆಚ್ಚು ಕಾಲ ಹೋಟೆಲಿನಿಂದ ಹೋಟೆಲಿಗೆ ಅಲೆಯುತ್ತ, ಪಾಠವನ್ನು ಕಂಪ್ಯೂಟರಿನಲ್ಲಿ ಕೇಳುತ್ತ, ತವರಿನ ಪಂದ್ಯಗಳನ್ನೂ ಸಾಂತಾ ಕ್ರೂಜ್ ಊರಿನಲ್ಲಿ ಆಡಬೇಕಾಯಿತು. 1985ರಿಂದ ಆ ತಂಡವನ್ನು ಬೆಳೆಸಿದ್ದ ತಾರಾ ವ್ಯಾನ್‌ಡರ್ವೀರ್ ಈ ಅಲೆದಾಟದ ನಡುವೆಯೇ, ಡಿಸೆಂಬರ್ 15ರಂದು, ತಮ್ಮ 1,099ನೆಯ ಗೆಲುವನ್ನು ಕಂಡು, ಮಹಿಳಾ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಅತಿ ಹೆಚ್ಚು ಪಂದ್ಯಗಳನ್ನು ಗೆದ್ದ ತರಬೇತುದಾರರೆನಿಸಿದರು. ಆ ಸಂಭ್ರಮವನ್ನು ನೋಡಲು ಗ್ಯಾಲರಿಯಲ್ಲಿ ಪ್ರೇಕ್ಷಕರೇ ಇರಲಿಲ್ಲ.

ಏಪ್ರಿಲ್‌ನಲ್ಲಿ ಸ್ಯಾನ್ ಆಂಟೋನಿಯೊ ನಗರದಲ್ಲಿ ಅದೇ ತಂಡ ಉಪಾಂತ್ಯ ಪಂದ್ಯದಲ್ಲಿ ಸೌತ್ ಕ್ಯಾರೊಲೈನಾವನ್ನು 66-65ರಿಂದ, ಅಂತಿಮ ಪಂದ್ಯದಲ್ಲಿ ಅರಿಜೋನಾವನ್ನು 54-53ರಿಂದ ಸೋಲಿಸಿತು. ಎರಡು ಪಂದ್ಯಗಳಲ್ಲೂ ಅಂತರ ಒಂದೇ ಅಂಕ. ಎರಡರಲ್ಲೂ ಎದುರಾಳಿಯ ಕೊನೆಯ ಎಸೆತ ಬುಟ್ಟಿಗೆ ಬೀಳಲಿಲ್ಲ. 1992ರ ನಂತರ ರಾಷ್ಟ್ರೀಯ ಪ್ರಶಸ್ತಿ ಮತ್ತೆ ಅವರ ಕೈ ಸೇರಿತು.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಅದಕ್ಕೂ ಎರಡು ವಾರ ಹಿಂದಿನ ಒಂದು ಕುಸ್ತಿ. ಶೇನ್ ಗ್ರಿಫಿತ್ ಹಿಂದಿನ ಋತುವಿನಲ್ಲಿ 28 ಕುಸ್ತಿಗಳಲ್ಲಿ ಒಂದನ್ನೂ ಸೋಲದೆ ರಾಷ್ಟ್ರೀಯ ಸ್ಪರ್ಧೆಗೆ ಸಿದ್ಧನಾಗಿದ್ದ ಹುಡುಗ. ಆ ಸ್ಪರ್ಧೆ ಕೋವಿಡ್‌ನಿಂದ ರದ್ದಾಯಿತು. ನಾಲ್ಕು ತಿಂಗಳಲ್ಲಿ ಅವನ ಗರಡಿಗೇ ಬಾಗಿಲು ಹಾಕುವ ಪತ್ರ ಬಂತು. 2021ರ ಮಾರ್ಚ್ 20ರಂದು ಸೇಂಟ್ ಲೂಯಿಸ್ ನಗರದಲ್ಲಿ, ಸುಮಾರು 75 ಕಿಲೊ ತೂಕದ ವಿಭಾಗದ ಅಂತಿಮ ಸ್ಪರ್ಧೆಗೆ, ವಿಶ್ವವಿದ್ಯಾಲಯದ ಹೆಸರಾಗಲಿ ಲಾಂಛನವಾಗಲಿ ಇಲ್ಲದ ಬರಿಯ ಕಪ್ಪು ಉಡುಪನ್ನು ತೊಟ್ಟು ಅವನು ಇಳಿದ. ಪಿಟ್ಸ್‌ಬರ್ಗ್‌ನ ಪೈಲ್ವಾನನನ್ನು 6-2ರಿಂದ ಸೋಲಿಸಿದ. ಸ್ಟ್ಯಾನ್‌ಫರ್ಡ್ ಕುಸ್ತಿಯನ್ನು ಉಳಿಸಿ ಎಂದು ಸಭಾಂಗಣ ಕೂಗಿತು. ಸ್ಟ್ಯಾನ್‌ಫರ್ಡ್ ಇತಿಹಾಸದಲ್ಲಿ ಕುಸ್ತಿಯ ರಾಷ್ಟ್ರೀಯ ಪಟ್ಟ ಗೆದ್ದ ಎರಡನೆಯವನು ಅವನು.

ಹೊರಗೆ ಹಳೆಯ ವಿದ್ಯಾರ್ಥಿಗಳು ಒಂದಾಗಿ ದೇಣಿಗೆಯ ವಾಗ್ದಾನಗಳನ್ನು ಕೂಡಿಹಾಕುತ್ತಿದ್ದರು. ಮೇ ತಿಂಗಳಲ್ಲಿ ಕ್ರೀಡಾಪಟುಗಳು ನ್ಯಾಯಾಲಯಕ್ಕೂ ಹೋದರು. ಮೇ 18ರಂದು ವಿಶ್ವವಿದ್ಯಾಲಯ ತನ್ನ ತೀರ್ಮಾನವನ್ನು ಹಿಂತೆಗೆದುಕೊಂಡು, 11 ತಂಡಗಳೂ ಮುಂದುವರಿಯುತ್ತವೆ ಎಂದು ಘೋಷಿಸಿತು. ಆ ವರ್ಷದ ಡೈರೆಕ್ಟರ್ಸ್ ಕಪ್ ಮಾತ್ರ ಟೆಕ್ಸಾಸ್ ವಿಶ್ವವಿದ್ಯಾಲಯದ ಪಾಲಾಯಿತು. ಕಾಲು ಶತಮಾನದ ಸರಪಳಿ ಕಡಿದದ್ದರ ಬೇಸರಕ್ಕಿಂತ, ಎಲ್ಲ 36 ತಂಡಗಳೂ ಉಳಿದದ್ದರ ತೂಕ ಬಲು ದೊಡ್ಡದೆಂದು ನಾನು ನಂಬುತ್ತೇನೆ.

ಗ್ರಿಫಿತ್ ಮರುವರ್ಷವೂ ಸ್ಟ್ಯಾನ್‌ಫರ್ಡ್ ಪರವಾಗಿಯೇ ಅಖಾಡಕ್ಕಿಳಿದ. 2022ರಲ್ಲಿ ಡೆಟ್ರಾಯಿಟ್‌ನಲ್ಲಿ ಮತ್ತೆ ಅಂತಿಮ ಸ್ಪರ್ಧೆಯವರೆಗೆ ಬಂದು, 6-5ರಿಂದ, ಒಂದೇ ಅಂಕದಿಂದ ಸೋತ.