ಹೋದ ಸಲ ಬರೆದುಕೊಂಡದ್ದು ಏನಾಯ್ತು?

ಎಲ್ಲರಿಗೂ ನಮಸ್ಕಾರ. ನನಗೆ 30 ನಿಮಿಷ ಅಂದಿದ್ದರು. ನನ್ನನ್ನು ಪರಿಚಯ ಮಾಡಿಕೊಡುವುದರಲ್ಲೇ 8 ನಿಮಿಷ ಹೋಯಿತು. ಇರಲಿ, ಹೊಗಳಿಕೆ ಕೇಳುವಾಗ ನಾನೇನೂ ಗಡಿಯಾರ ನೋಡಲಿಲ್ಲ.

ಇವತ್ತಿನ ವಿಷಯ ಕೃಷಿ ಸಂಶೋಧನೆ. ಆಹ್ವಾನ ಪತ್ರಿಕೆಯಲ್ಲಿ ‘ಹಿತಾಸಕ್ತರ ಅಭಿಪ್ರಾಯ ಸಂಗ್ರಹ’ ಅಂತಿದೆ. ಕನ್ನಡದಲ್ಲಿ ಹಿತಾಸಕ್ತಿ ಅಂದರೆ ಸಾಕು, ಪಕ್ಕದಲ್ಲೇ ‘ಪಟ್ಟಭದ್ರ’ ಬಂದು ಕೂತುಬಿಡುತ್ತದೆ. ಅದಕ್ಕೇ ನಾನು ಪಾಲುದಾರರು ಅನ್ನುತ್ತೇನೆ. ಬೆಳೆಯುವವರು, ಕೂಲಿ ಮಾಡುವವರು, ಬೀಜ ಮಾರುವವರು, ಸಂಶೋಧಕರು, ಎಲ್ಲರೂ ಅದರಲ್ಲಿ ಸೇರಿದರು.

ಹಿಂದೆ ಒಂದು ಸಮೀಕ್ಷೆಗೆ ನಾನೇ ಹೋಗಿದ್ದೆ. ಕೈಯಲ್ಲಿ 62 ಪ್ರಶ್ನೆಗಳ ಫಾರಂ. 17ನೇ ಪ್ರಶ್ನೆಗೆ ಬರುವ ಹೊತ್ತಿಗೆ, ಕಳೆ ಕೀಳುತ್ತಿದ್ದ ಅಜ್ಜಿ ತಲೆ ಎತ್ತಿ ನನ್ನ ಪೆನ್ನನ್ನೇ ನೋಡಿದರು. “ಹೋದ ಸಲ ಒಬ್ಬರು ಬಂದು ಬರೆದುಕೊಂಡು ಹೋದರಲ್ಲ, ಅದೇನಾಯ್ತು?” ಅಂದರು. ನನಗೆ ಗೊತ್ತಿರಲಿಲ್ಲ. ಹೋದ ಸಲ ಯಾರು ಬಂದಿದ್ದರು ಅನ್ನುವುದೂ ಗೊತ್ತಿರಲಿಲ್ಲ. ಸುಮ್ನೆ 18ನೇ ಪ್ರಶ್ನೆ ಓದಿದೆ. ಇವತ್ತಿಗೂ ನಾಚಿಕೆಯಾಗುತ್ತದೆ.

ಈಗ ಆಲೂಗಡ್ಡೆ ಕಥೆ. ನನ್ನ ಮಾತು ಮೊದಲೇ ಕೇಳಿದವರು ನಗುತ್ತಿದ್ದಾರೆ, ಪರವಾಗಿಲ್ಲ. 1970ರ ದಶಕ, ಪೆರು ದೇಶದ ಮಂತಾರೊ ಕಣಿವೆ. ಲೀಮಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ತಜ್ಞರು ಗಡ್ಡೆ ಹಾಳಾಗುವುದನ್ನು ತಡೆಯಲು ಹೊರಟರು. ಅವರ ಲೆಕ್ಕದಲ್ಲಿ ಸುಕ್ಕಾದ ಗಡ್ಡೆ ಅಂದರೆ ನಷ್ಟ. ರೈತರು “ಯಾವ ನಷ್ಟ?” ಅಂದರು. ಕೆಟ್ಟದ್ದು ಹಂದಿಗೆ ಹೋಗುತ್ತದೆ. ಸುಕ್ಕಾದದ್ದು ಇನ್ನೂ ಸಿಹಿ ಅಂತ ಕೆಲವು ಹೆಂಗಸರೇ ಹೇಳಿದರು. ಪ್ರಯೋಗಾಲಯ ಬಿಡಿಸಲು ಕೂತಿದ್ದು ರೈತರಿಗೆ ಇಲ್ಲದ ಸಮಸ್ಯೆಯನ್ನು!

ಹಾಗಾದರೆ ನಿಮ್ಮ ತೊಂದರೆ ಏನು ಅಂತ ಕೇಳಿದಾಗ ಬೇರೆಯೇ ವಿಷಯ ಬಂತು. ಬಿತ್ತನೆಗೆ ಇಟ್ಟ ಗಡ್ಡೆ, ಅದರಲ್ಲೂ ಹೊಸ ತಳಿಯದ್ದು, ಕತ್ತಲೆ ಕೋಣೆಯಲ್ಲಿ ಉದ್ದುದ್ದ ಬಿಳಿ ಮೊಳಕೆ ಬಿಡುತ್ತದೆ. ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಕೂತು ಮುರಿಯಬೇಕು. ಎಷ್ಟು ಕೆಲಸ ನೋಡಿ. ಇದಕ್ಕೆ ವಿಜ್ಞಾನದಲ್ಲಿ ಉತ್ತರ ಇತ್ತು: ನೇರ ಬಿಸಿಲು ಬೇಡ, ಮಂದ ಬೆಳಕಿನಲ್ಲಿ ಹರಡಿ. ಮೊಳಕೆ ಗಿಡ್ಡಗೆ, ಹಸಿರಾಗಿ, ಗಟ್ಟಿಯಾಗಿ ಬರುತ್ತದೆ. ತಿನ್ನುವ ಗಡ್ಡೆಗೆ ಮಾತ್ರ ಇದು ಆಗದು, ಹಸಿರಾದರೆ ವಿಷ.

ಮಜಾ ಇರುವುದು ಮುಂದೆ. ಕೇಂದ್ರದವರು ಮಾದರಿ ಉಗ್ರಾಣ ಕಟ್ಟಿ ತೋರಿಸಿದರು. ಅದನ್ನು ಹಾಗೇ ಕಟ್ಟಿದವರು ಕಡಿಮೆ. ರೈತರು ತತ್ವ ಮಾತ್ರ ಎತ್ತಿಕೊಂಡು, ಸೂರಿನ ಕೆಳಗೆ, ಮನೆಯ ಅಟ್ಟಣಿಗೆಯಲ್ಲಿ ತಮಗೆ ಬೇಕಾದ ಹಾಗೆ ಮಾಡಿಕೊಂಡರು. ಹಾಗೇ ದೇಶದಿಂದ ದೇಶಕ್ಕೆ ಹೋಯಿತು. 1982ರಲ್ಲಿ ಅದೇ ಕೇಂದ್ರದ ರಾಬರ್ಟ್ ರೋಡ್ಸ್ ಮತ್ತು ರಾಬರ್ಟ್ ಬೂತ್ ಈ ದಾರಿಗೆ ‘ರೈತನಿಂದ ಮರಳಿ ರೈತನಿಗೆ’ ಅಂತ ಹೆಸರಿಟ್ಟರು. ಆ ‘ಮರಳಿ’ ಇದೆಯಲ್ಲ, ನಾವು ಬಿಟ್ಟುಬಿಡುವುದು ಅದನ್ನೇ. ಅಜ್ಜಿ ಕೇಳಿದ್ದೂ ಅದನ್ನೇ ಅಲ್ವಾ?

ಇನ್ನೊಂದು ವಿಷಯ, ಯಾವಾಗ ಕೇಳುತ್ತೇವೆ ಅನ್ನುವುದು. ತಳಿ ಅಭಿವೃದ್ಧಿಯಲ್ಲಿ ನೂರಾರು ಸಾಲುಗಳನ್ನು, ಅಂದರೆ ಮುಂದೆ ತಳಿಯಾಗಬಹುದಾದ ಮಾದರಿಗಳನ್ನು, ಸೋಸಿ ಸೋಸಿ ಕೊನೆಗೆ ನಾಲ್ಕೈದು ಉಳಿದಾಗ ರೈತರನ್ನು ಕರೆಯುತ್ತಾರೆ. ಹೆಣ್ಣು ನೋಡಿ ನಿಶ್ಚಯ ಮಾಡಿ, ಲಗ್ನಪತ್ರಿಕೆ ಅಚ್ಚಾದ ಮೇಲೆ ಹುಡುಗನನ್ನು ಒಪ್ಪಿಗೆಯೇ ಅಂತ ಕೇಳಿದ ಹಾಗೆ. ರುವಾಂಡಾದಲ್ಲಿ 1980ರ ದಶಕದ ಕೊನೆಗೆ ಇದನ್ನು ತಿರುಗಿಸಿದರು. ಬೀನ್ಸ್ ಬೆಳೆಯುವ ಅನುಭವಿ ಹೆಂಗಸರನ್ನು ಮೊದಲೇ ಸಂಶೋಧನಾ ತಾಕಿಗೆ ಕರೆದರು. ವಿಜ್ಞಾನಿ ಇಳುವರಿ ನೋಡಿದರೆ ಅವರು ಬಾಳೆಯ ನೆರಳಿನಲ್ಲಿ ಇದು ಬಂದೀತೇ, ಬಡ ಮಣ್ಣಿನಲ್ಲಿ ನಿಂತೀತೇ ಅಂತ ನೋಡಿದರು. ಅವರು ಆರಿಸಿದ ತಳಿಗಳು ಅವರ ಹೊಲದಲ್ಲಿ ಚೆನ್ನಾಗಿಯೇ ಬಂದವು.

ಚೀಟಿ ಬಂತು. 5 ನಿಮಿಷ. ಬೇಗ ಹೇಳುತ್ತೇನೆ.

2010ರಲ್ಲಿ ಫ್ರಾನ್ಸಿನ ಮಾಂಪೆಲಿಯೆಯಲ್ಲಿ ಕೃಷಿ ಸಂಶೋಧನೆಯ ಜಾಗತಿಕ ಸಮಾವೇಶ ನಡೆಯಿತು. ಅದಕ್ಕೆ ಮೊದಲು ಪ್ರದೇಶವಾರು ಸಮಾಲೋಚನೆ ಮಾಡಿದರು. ಒಳ್ಳೆಯದೇ. ಆದರೆ ಅಂಥ ಕಡೆ ಹೋಗುವವರು ಯಾರು? ಸಂಘದ ಅಧ್ಯಕ್ಷರು, ಭಾಷೆ ಬಲ್ಲವರು, ಒಂದು ವಾರ ಹೊಲ ಬಿಟ್ಟಿರಬಲ್ಲವರು. ಜಮೀನಿಲ್ಲದ ಕೂಲಿಯವರಿಗೆ ಒಂದು ದಿನದ ಸಭೆ ಅಂದರೆ ಒಂದು ದಿನದ ಕೂಲಿ ಹೋದ ಹಾಗೆ. ಅದನ್ನು ಕಟ್ಟಿಕೊಡದೆ ‘ಕರೆದೆವು, ಬರಲಿಲ್ಲ’ ಅಂತ ವರದಿ ಬರೆಯಬಾರದು. ಹೆಂಗಸರನ್ನು ಬೇರೆಯಾಗಿ ಕೂರಿಸಿ ಕೇಳಬೇಕು, ಇಲ್ಲದಿದ್ದರೆ ಮುಂದಿನ ಸಾಲಿನವರ ದನಿಯೇ ಜಾಸ್ತಿ ಕೇಳುತ್ತದೆ. ಗ್ರಾಮೀಣ ರಸ್ತೆ, ಸಾಲ, ಮಾರುಕಟ್ಟೆ ಬಗ್ಗೆಯೂ ಬರೆದು ತಂದಿದ್ದೆ. ಇನ್ನೊಮ್ಮೆ ನೋಡೋಣ.

ಒಂದೇ ಕೋರಿಕೆ. ಬಾಗಿಲಲ್ಲಿ ನಿಮಗೂ ಅಭಿಪ್ರಾಯದ ಹಾಳೆ ಕೊಟ್ಟಿದ್ದಾರೆ. ನಾನು ಆಗಲೇ ತಿರುಗಿಸಿ ನೋಡಿದೆ. ನಿಮಗೆ ಉತ್ತರ ಕಳಿಸಲು ವಿಳಾಸ ಬರೆಯುವ ಜಾಗವೇ ಅದರಲ್ಲಿಲ್ಲ. ಹಿಂಬದಿಯಲ್ಲಿ ದೊಡ್ಡದಾಗಿ ಬರೆಯಿರಿ. ಸಂಘಟಕರು ನಗುತ್ತಿದ್ದಾರೆ, ನಾನು ತಮಾಷೆ ಮಾಡುತ್ತಿಲ್ಲ.