ಹತ್ತು ನಿಮಿಷದಲ್ಲಿ ‘ಬ್ಲಡ್ ಮೆರಿಡಿಯನ್’: ಕೊಲೆಯನ್ನು ತೋರಿಸಬೇಕೇ, ಹೇಳಿಸಬೇಕೇ?

ನಮಸ್ಕಾರ. ಕಿರುಚಿತ್ರ ತೆಗೆಯುವ ಹುಮ್ಮಸ್ಸಿನಲ್ಲಿರುವ ವೀಕ್ಷಕರೊಬ್ಬರು ನಮಗೆ ಒಂದು ಪ್ರಶ್ನೆ ಕಳುಹಿಸಿದ್ದಾರೆ. ಅಮೆರಿಕದ ಲೇಖಕ ಕಾರ್ಮ್ಯಾಕ್ ಮೆಕಾರ್ಥಿಯವರ ‘ಬ್ಲಡ್ ಮೆರಿಡಿಯನ್’ ಕಾದಂಬರಿಯಿಂದ ಹತ್ತು ನಿಮಿಷದ ಫ್ಯಾನ್ ಫಿಲ್ಮ್, ಅಂದರೆ ಅಭಿಮಾನಿಗಳೇ ತೆಗೆಯುವ ಚಿತ್ರ, ತೆಗೆಯಬೇಕೆಂದು ಅವರಿಗೆ ಆಸೆ. ಆದರೆ ಪುಟಪುಟದಲ್ಲೂ ಹೆಣ ಬೀಳುವ ಈ ಪುಸ್ತಕದ ಹಿಂಸೆಯನ್ನು ಎಷ್ಟು ತೋರಿಸಬೇಕೆಂಬುದು ಅವರಿಗೆ ಹೊಳೆಯುತ್ತಿಲ್ಲ. ಈ ಪ್ರಶ್ನೆ ನನ್ನನ್ನು ಎರಡು ವಾರ ಬಿಡಲಿಲ್ಲ. ಕಾದಂಬರಿಯನ್ನು ಮತ್ತೊಮ್ಮೆ ಮೊದಲಿನಿಂದ ಓದಿ ಇಂದು ಮಾತನಾಡುತ್ತಿದ್ದೇನೆ.

(ಪರದೆಯ ಮೇಲೆ: ಟೆಕ್ಸಸ್ ಮತ್ತು ಉತ್ತರ ಮೆಕ್ಸಿಕೋದ ಗಡಿ ಪ್ರದೇಶದ ನಕ್ಷೆ)

ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಕಾದಂಬರಿ ಪ್ರಕಟವಾದದ್ದು 1985ರಲ್ಲಿ. ಟೆನೆಸ್ಸಿಯ ಹುಡುಗನೊಬ್ಬ ಹದಿನಾಲ್ಕನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿಹೋಗಿ, ಕೊನೆಗೆ ಜಾನ್ ಜೋಯಲ್ ಗ್ಲ್ಯಾಂಟನ್ ಎಂಬವನ ತಂಡವನ್ನು ಸೇರುತ್ತಾನೆ. ಗ್ಲ್ಯಾಂಟನ್ ಇತಿಹಾಸದಲ್ಲಿ ನಿಜವಾಗಿ ಇದ್ದವನು. 1849ರ ಸುಮಾರಿಗೆ ಮೆಕ್ಸಿಕೋದ ಚಿಹುವಾಹುವಾ ಪ್ರಾಂತ್ಯದ ಸರ್ಕಾರವು ಆ ಪ್ರದೇಶದ ಮೂಲನಿವಾಸಿಗಳಾದ ಅಪಾಚೆ ಜನರನ್ನು ಕೊಂದು ತಂದ ನೆತ್ತಿಚರ್ಮಗಳಿಗೆ ಹಣ ಕೊಡುತ್ತಿತ್ತು. ಗ್ಲ್ಯಾಂಟನ್ ಅದನ್ನೇ ಕಸುಬು ಮಾಡಿಕೊಂಡನು. 1850ರ ಏಪ್ರಿಲಿನಲ್ಲಿ ಕೊಲೊರಾಡೊ ನದಿಯನ್ನು ದೋಣಿಯಲ್ಲಿ ದಾಟಿಸುವ ಜಾಗದ ಬಳಿ ಕ್ವೆಚಾನ್ ಎಂಬ ಇನ್ನೊಂದು ಮೂಲನಿವಾಸಿ ಜನರು ಅವನನ್ನು ಕೊಂದರು. ತಂಡದಲ್ಲಿ ನ್ಯಾಯಾಧೀಶ ಹೋಲ್ಡನ್ ಎಂಬ ದೈತ್ಯ ಆಕಾರದ, ಮೈಮೇಲೆ ಒಂದು ಕೂದಲೂ ಇಲ್ಲದ, ಹಲವು ಭಾಷೆ ಬಲ್ಲ ಮನುಷ್ಯನಿದ್ದಾನೆ. ಈ ಕಾದಂಬರಿಯನ್ನು ಸಿನಿಮಾ ಮಾಡಲು ಹೊರಟ ಹಲವರು ಎಡವಿದ್ದಾರೆ. ನಿರ್ದೇಶಕ ರಿಡ್ಲಿ ಸ್ಕಾಟ್ ಪ್ರಯತ್ನಿಸಿ ಬಿಟ್ಟರು, ಜೇಮ್ಸ್ ಫ್ರಾಂಕೋ ಪರೀಕ್ಷೆಗೆಂದು ಒಂದಿಷ್ಟು ದೃಶ್ಯಗಳನ್ನು ಚಿತ್ರಿಸಿ ನಿಲ್ಲಿಸಿದರು, 2023ರಲ್ಲಿ ನಿರ್ದೇಶಕರಾಗಿ ಜಾನ್ ಹಿಲ್‌ಕೋಟ್ ಅವರ ಹೆಸರು ಘೋಷಣೆಯಾಯಿತು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಇದನ್ನು ವ್ಯಾಕರಣದಿಂದ ಆರಂಭಿಸಬೇಕಾಗಿದೆ. ದಯವಿಟ್ಟು ಸ್ವಲ್ಪ ಸಹನೆಯಿಂದ ಕೇಳಿ, ಏಕೆಂದರೆ ಕ್ಯಾಮೆರಾ ಎಲ್ಲಿಡಬೇಕೆಂಬ ಉತ್ತರ ನನಗೆ ಸಿಕ್ಕಿದ್ದು ಅಲ್ಲಿಯೇ.

ಮೆಕಾರ್ಥಿಯವರು ಮಾತುಗಳಿಗೆ ಉದ್ಧರಣ ಚಿಹ್ನೆ ಹಾಕುವುದಿಲ್ಲ, ಅಲ್ಪವಿರಾಮವನ್ನು ಬಹಳ ಜಿಪುಣತನದಿಂದ ಬಳಸುತ್ತಾರೆ, ಒಂದು ಕ್ರಿಯೆಯ ಬೆನ್ನಿಗೆ ಇನ್ನೊಂದನ್ನು ‘ಮತ್ತು’ ಎಂಬ ಒಂದೇ ಪದದಿಂದ ಕಟ್ಟುತ್ತಾ ಹೋಗುತ್ತಾರೆ. ಇಂಥ ವಾಕ್ಯವನ್ನು ನಾವು ಕನ್ನಡದಲ್ಲಿ ಹೇಳಹೊರಟರೆ ನಮ್ಮ ನಾಲಿಗೆ ತಾನಾಗಿ ಬೇರೆ ದಾರಿ ಹಿಡಿಯುತ್ತದೆ. ನಾನೇ ಕಟ್ಟಿದ ಉದಾಹರಣೆ ಇದು: ‘ಅವನು ಕುದುರೆಯಿಂದ ಇಳಿದು, ಮುದುಕನನ್ನು ಕೊಂದು, ಕೈ ತೊಳೆದು, ರೊಟ್ಟಿ ತಿಂದನು.’ ಇಳಿದು, ಕೊಂದು, ತೊಳೆದು ಎಂಬ ಕೃದಂತಾವ್ಯಯಗಳೆಲ್ಲ ಕೊನೆಯ ‘ತಿಂದನು’ ಎಂಬ ಪೂರ್ಣ ಕ್ರಿಯಾಪದದ ಮೇಲೆ ಭಾರ ಹಾಕಿ ನಿಂತಿವೆ. ವಾಕ್ಯದ ಒಡೆತನ ರೊಟ್ಟಿಗೆ ಸೇರಿತು. ಕೊಲೆ ಅದಕ್ಕೆ ಮೊದಲು ನಡೆದುಹೋದ ಒಂದು ಸಿದ್ಧತೆಯಾಯಿತು. ಈಗ ಇದನ್ನೇ ಬಿಡಿಸಿ ಹೇಳುತ್ತೇನೆ: ‘ಅವನು ಕುದುರೆಯಿಂದ ಇಳಿದನು. ಮುದುಕನನ್ನು ಕೊಂದನು. ಕೈ ತೊಳೆದನು. ರೊಟ್ಟಿ ತಿಂದನು.’ ಈಗ ನಾಲ್ಕು ಕ್ರಿಯೆಗಳಿಗೂ ಒಂದೇ ತೂಕ, ಒಂದೇ ಎತ್ತರ. ಕೊಲೆಗೆ ವಿಶೇಷ ಮರ್ಯಾದೆ ಇಲ್ಲ, ರೊಟ್ಟಿಗೂ ಇಲ್ಲ. ಓದುವವರ ಮೈ ನಡುಗುವುದು ರಕ್ತಕ್ಕಲ್ಲ, ಈ ಸಮತೂಕಕ್ಕೆ. ಇಡೀ ಕಾದಂಬರಿ ಕೊಲೆಯನ್ನೂ ಸೂರ್ಯಾಸ್ತವನ್ನೂ ಕುದುರೆಯ ಗೊರಸಿನ ಧೂಳನ್ನೂ ಒಂದೇ ಕಣ್ಣಿನಿಂದ ನೋಡುತ್ತದೆ.

ಸಾಮಾನ್ಯವಾಗಿ ಸಿನಿಮಾ ಮಾಡುವುದು ಇದಕ್ಕೆ ತದ್ವಿರುದ್ಧವಾದ ಕೆಲಸವನ್ನು. ಗುಂಡು ಹಾರುವ ಕ್ಷಣ ಬಂದ ಕೂಡಲೇ ಹತ್ತಾರು ಕಟ್, ಸ್ಲೋ ಮೋಷನ್, ಡೋಲಿನ ಸಂಗೀತ, ಸಿಡಿಯುವ ರಕ್ತದ ಚೀಲ. ಬಜೆಟ್ಟಿಲ್ಲದ ಅಭಿಮಾನಿಗಳೂ ಮೊದಲು ಖರೀದಿಸುವುದು ನಕಲಿ ರಕ್ತವನ್ನೇ. ಹಾಗೆ ತೆಗೆದ ಚಿತ್ರ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದು ಈ ಪುಸ್ತಕದ ಚಿತ್ರವಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ, ಏಕೆಂದರೆ ಪುಸ್ತಕ ಕೊಡದ ಮರ್ಯಾದೆಯನ್ನು ಅದು ಕೊಲೆಗೆ ಕೊಟ್ಟುಬಿಟ್ಟಿರುತ್ತದೆ.

ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ಗಡಿಯ ಒಂದು ಊರಿನ ಚೌಕದಲ್ಲಿ ವಯಸ್ಸಾದ ಹೆಂಗಸೊಬ್ಬಳು ಕುಳಿತಿದ್ದಾಳೆ. ಗ್ಲ್ಯಾಂಟನ್ ಅವಳ ತಲೆಗೆ ಪಿಸ್ತೂಲು ಹಿಡಿದು ಗುಂಡು ಹೊಡೆಯುತ್ತಾನೆ. ಬಳಿಕ ತಂಡದವನೊಬ್ಬನಿಗೆ, ಅಂಗಡಿಯಲ್ಲಿ ಚೀಟಿ ಪಡೆದು ಬಾ ಎನ್ನುವ ಧ್ವನಿಯಲ್ಲಿ, ಅವಳ ನೆತ್ತಿಚರ್ಮವನ್ನು ತರಲು ಹೇಳುತ್ತಾನೆ. ಅವನು ಅದಕ್ಕೆ ಬಳಸುವ ಪದ ‘ರಸೀದಿ’. ಇಡೀ ಕಾದಂಬರಿಯ ಅರ್ಥವ್ಯವಸ್ಥೆ ಆ ಒಂದು ಪದದಲ್ಲಿದೆ. ಕಪ್ಪು ಕೂದಲಿರುವ ಚರ್ಮ ಅಪಾಚೆ ಯೋಧನದೋ, ಹೊಲದಲ್ಲಿ ದುಡಿಯುವ ಮೆಕ್ಸಿಕನ್ ರೈತನದೋ ಎಂದು ಹಣ ಎಣಿಸುವವನಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಯಾರ ಹಿತಕ್ಕೆಂದು ಈ ಒಪ್ಪಂದ ಆಗಿತ್ತೋ ಆ ಊರುಗಳ ಜನರ ಕೊರಳಿಗೇ ಕತ್ತಿ ಬರುತ್ತದೆ. ಈ ದೃಶ್ಯವನ್ನು ತೆಗೆಯುವುದಾದರೆ ನೆತ್ತರನ್ನು ತೋರಿಸುವ ಅಗತ್ಯವೇ ಇಲ್ಲ. ‘ರಸೀದಿ’ ಎಂಬ ಮಾತು ಕೇಳಿದ ಹುಡುಗನ ಮುಖ ಸಾಕು.

ಆದರೂ ಹತ್ತು ನಿಮಿಷಕ್ಕೆ ನಾನು ಆ ದೃಶ್ಯವನ್ನು ಆರಿಸುವುದಿಲ್ಲ. ನನ್ನ ಆಯ್ಕೆ ಹತ್ತನೆಯ ಅಧ್ಯಾಯ.

(ಪರದೆಯ ಮೇಲೆ: ಕತ್ತಲು, ಮಧ್ಯದಲ್ಲಿ ಸಣ್ಣ ಬೆಂಕಿ)

ರಾತ್ರಿ ಬಿಡಾರ. ಹುಡುಗ ತೊಗಲಿನ ಪಟ್ಟಿಯೊಂದನ್ನು ರಿಪೇರಿ ಮಾಡುತ್ತಿದ್ದಾನೆ. ಕೈಯಲ್ಲಿರುವ ದಬ್ಬಣ ಮಾಜಿ ಪಾದ್ರಿ ಟೋಬಿನ್ನನಿಂದ ಎರವಲು ತಂದದ್ದು. ಟೋಬಿನ್ ಕಥೆ ಹೇಳುತ್ತಾನೆ: ಹಿಂದೊಮ್ಮೆ ತಂಡದ ಬಳಿ ಕೋವಿಮದ್ದು ಮುಗಿದು, ಅಪಾಚೆಗಳು ಬೆನ್ನಟ್ಟಿ ಬರುತ್ತಿದ್ದಾಗ, ನಟ್ಟ ನಡುಮಧ್ಯಾಹ್ನ ಮರುಭೂಮಿಯ ಬಂಡೆಯೊಂದರ ಮೇಲೆ ನ್ಯಾಯಾಧೀಶ ಒಬ್ಬನೇ ಕುಳಿತಿದ್ದನಂತೆ. ಅವನು ತಂಡವನ್ನು ಬಾವಲಿಗಳ ಗುಹೆಗೆ ಕರೆದೊಯ್ದು, ಹಿಕ್ಕೆಯನ್ನು ಬೂದಿನೀರಿನಲ್ಲಿ ಸೋಸಿ ಪೆಟ್ಲುಪ್ಪು ತೆಗೆದನು, ಮರ ಸುಟ್ಟು ಇದ್ದಿಲು ಮಾಡಿದನು, ಜ್ವಾಲಾಮುಖಿಯ ಬಾಯಂಚಿನಿಂದ ಚಾಕುವಿನಲ್ಲಿ ಗಂಧಕ ಕೆರೆದನು. ಮೂರನ್ನೂ ಬಂಡೆಯ ಮೇಲೆ ಸುರಿದು, ಎಲ್ಲರೂ ಅದರ ಮೇಲೆ ಉಚ್ಚೆ ಹೊಯ್ಯಬೇಕೆಂದು ಆಜ್ಞಾಪಿಸಿ, ರೊಟ್ಟಿ ಹಿಟ್ಟು ನಾದುವವನಂತೆ ನಾದಿ ಬಿಸಿಲಿಗೆ ಹರವಿದನು. ರಸಾಯನಶಾಸ್ತ್ರದ ದೃಷ್ಟಿಯಿಂದ ಇದು ಕಟ್ಟುಕಥೆಯಲ್ಲ: ಕೋವಿಮದ್ದೆಂದರೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ, ಒದ್ದೆ ಮಾಡಿ ಅರೆಯುವುದೂ ಹಳೆಯ ಪದ್ಧತಿಯೇ. ಕೊನೆಗೆ ಅವನು ಬಿಳಿ ಅಂಗಿಯನ್ನು ಬೀಸಿ ಶರಣಾದಂತೆ ನಟಿಸುತ್ತಾನೆ, ನಂಬಿ ಹತ್ತಿ ಬಂದವರನ್ನು ತಂಡ ಕೊಲ್ಲುತ್ತದೆ.

ಇಲ್ಲಿ ಫ್ಯಾನ್ ಫಿಲ್ಮ್ ಮಾಡುವವರಿಗೆ ಮೆಕಾರ್ಥಿಯವರೇ ದಾರಿ ತೆರೆದಿಟ್ಟಿದ್ದಾರೆ: ಈ ಇಡೀ ಘಟನೆ ಕಾದಂಬರಿಯಲ್ಲಿ ನಮ್ಮ ಕಣ್ಣೆದುರು ನಡೆಯುವುದೇ ಇಲ್ಲ, ಒಬ್ಬನು ಹೇಳುತ್ತಾನೆ, ಇನ್ನೊಬ್ಬನು ಕೇಳುತ್ತಾನೆ. ಆದ್ದರಿಂದ ಜ್ವಾಲಾಮುಖಿಯನ್ನು ಹುಡುಕಿಕೊಂಡು ಹೋಗಬೇಡಿ, ಹೇಳುವವನನ್ನು ಚಿತ್ರಿಸಿ. ತಾಳಮದ್ದಳೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲೇ ಅರ್ಥಧಾರಿಯೊಬ್ಬರು ಕರ್ಣನ ರಥದ ಚಕ್ರವನ್ನು ಕೆಸರಿನಲ್ಲಿ ಹೂಳಬಲ್ಲರು. ಒಬ್ಬ ಒಳ್ಳೆಯ ನಟ, ಒಂದು ಬೆಂಕಿ, ಕತ್ತರಿಸದ ಉದ್ದನೆಯ ಶಾಟ್. ಟೋಬಿನ್ ಕೊಲೆಯ ಭಾಗಕ್ಕೆ ಬಂದಾಗ ಕ್ಯಾಮೆರಾ ಅವನ ಮುಖದ ಹತ್ತಿರ ಸರಿಯಬಾರದು. ಪಟ್ಟಿಯಲ್ಲಿ ದಬ್ಬಣ ತೂರುವುದಕ್ಕೆ ಎಷ್ಟು ಸೆಕೆಂಡು ಕೊಟ್ಟಿರೋ ಕೊಲೆಯ ವರ್ಣನೆಗೂ ಅಷ್ಟೇ ಕೊಡಿ. ಆ ಸಮತೂಕ ಉಳಿದರೆ ಪುಸ್ತಕ ಉಳಿಯಿತು.

ಸಮಯ ಮುಗಿಯುತ್ತಾ ಬಂದಿರುವುದರಿಂದ ಉಳಿದ ವಿಷಯಗಳನ್ನು ಒಟ್ಟಿಗೆ ಹೇಳುತ್ತೇನೆ. ನ್ಯಾಯಾಧೀಶನ ತೂಕ ಇಪ್ಪತ್ತನಾಲ್ಕು ಸ್ಟೋನ್, ಅಂದರೆ ಸುಮಾರು 150 ಕಿಲೋ. ಎತ್ತರ ಏಳಡಿಗೆ ಹತ್ತಿರ. ಅಂಥ ನಟ ಸಿಗುವುದಿಲ್ಲವಾದ್ದರಿಂದ ಅವನನ್ನು ಬೆಂಕಿಯ ಆಚೆ ಕೂರಿಸಿ, ಹೊಳೆಯುವ ಬೋಳುತಲೆ ಮತ್ತು ಕೈಗಳನ್ನಷ್ಟೇ ತೋರಿಸಿ. ಬೆಂಕಿಯ ಬೆಳಕಿಗೆ ಕಿತ್ತಳೆ ಬಣ್ಣದ ಜೆಲ್ (ಬೆಳಕಿನ ಬಣ್ಣ ಬದಲಿಸುವ ತೆಳು ಹಾಳೆ) ಹಾಕಿದ ಎಲ್‌ಇಡಿ ಪ್ಯಾನೆಲ್ ಸಾಕು. ಸೆಟ್ಟಿಗೆ ನಿಜವಾದ ಬಂದೂಕು ತರಲೇಬೇಡಿ: 2021ರ ಅಕ್ಟೋಬರ್ 21ರಂದು ನ್ಯೂ ಮೆಕ್ಸಿಕೋದ ಒಂದು ವೆಸ್ಟರ್ನ್ ಚಿತ್ರದ ಸೆಟ್ಟಿನಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಗುಂಡು ತಗುಲಿ ಸತ್ತರು, ಅಲ್ಲಿ ಆಯುಧಗಳನ್ನು ನೋಡಿಕೊಳ್ಳಲೆಂದೇ ಒಬ್ಬರನ್ನು ನೇಮಿಸಿದ್ದರು. ಯಾರದೋ ಮುಖಕ್ಕೆ ಬಣ್ಣ ಬಳಿದು ಅಪಾಚೆ ಎಂದು ನಿಲ್ಲಿಸಬೇಡಿ; ಅಪಾಚೆಯರು ಇಂದಿಗೂ ಬದುಕಿರುವ ಜನ.

ಕಾನೂನಿನ ವಿಷಯದಲ್ಲಿ ತಪ್ಪು ಕಲ್ಪನೆ ಬೇಡ. ಮೆಕಾರ್ಥಿಯವರು ತೀರಿಕೊಂಡದ್ದು 2023ರ ಜೂನ್ 13ರಂದು. ಅಮೆರಿಕದಲ್ಲಿ ಹಕ್ಕುಸ್ವಾಮ್ಯ ಲೇಖಕರ ಮರಣಾನಂತರ 70 ವರ್ಷ, ಭಾರತದಲ್ಲಿ 60 ವರ್ಷ ಇರುತ್ತದೆ. ಟಿಕೆಟ್ ಮಾರುವುದಿಲ್ಲ ಎಂದ ಮಾತ್ರಕ್ಕೆ ಅನುಮತಿ ಬೇಡ ಎಂದಾಗುವುದಿಲ್ಲ. ಸ್ಟೀಫನ್ ಕಿಂಗ್ ಅವರು ವರ್ಷಗಟ್ಟಲೆ ತಮ್ಮ ಸಣ್ಣಕಥೆಗಳನ್ನು ವಿದ್ಯಾರ್ಥಿಗಳಿಗೆ ಒಂದು ಡಾಲರಿಗೆ ಚಿತ್ರಿಸಲು ಕೊಟ್ಟರು, ಆದರೆ ಆ ಔದಾರ್ಯ ಅವರದು; ಎಲ್ಲ ಹಕ್ಕುದಾರರಿಂದಲೂ ಅದನ್ನು ನಿರೀಕ್ಷಿಸಲಾಗದು. ಪತ್ರ ಬರೆದು ಕೇಳಿ, ಉತ್ತರ ಬರುವವರೆಗೆ ಚಿತ್ರವನ್ನು ಯೂಟ್ಯೂಬಿಗೆ ಹಾಕದೆ ನಿಮ್ಮ ಬಳಿಯೇ ಇಟ್ಟುಕೊಳ್ಳಿ.

ಇನ್ನು ಕೊನೆಯ ಶಾಟ್. ಕಥೆ ಮುಗಿದ ಮೇಲೆ ಹುಡುಗ, ಇವನು ಯಾವುದರ ನ್ಯಾಯಾಧೀಶ ಎಂದು ಕೇಳುತ್ತಾನೆ. ಟೋಬಿನ್ ಉತ್ತರ ಕೊಡುವುದಿಲ್ಲ. ಸುಮ್ಮನಿರು, ಅವನ ಕಿವಿ ನರಿಯ ಕಿವಿ ಎಂದು ತಡೆಯುತ್ತಾನೆ. ಆಗ ಮೊದಲ ಬಾರಿಗೆ ಬೆಂಕಿಯ ಆಚೆಗೆ ಫೋಕಸ್ ಬದಲಿಸಿ, ಆ ಬೋಳುತಲೆ ಇತ್ತ ತಿರುಗುವ ಮೊದಲೇ ಕಟ್ ಮಾಡಿ.