ನೀರುಚೀಲಕ್ಕೆ ಬಿದ್ದ ರಂಧ್ರ

ಮಾನ್ಯ ಅಧ್ಯಕ್ಷರೇ, ತುಮಕೂರು ಜಿಲ್ಲೆಯ ಪ್ರಸೂತಿ ವೈದ್ಯಮಿತ್ರರೇ, ಶುಶ್ರೂಷಕಿಯರೇ ಹಾಗೂ ವಿದ್ಯಾರ್ಥಿಗಳೇ,

ಗರ್ಭಸ್ಥ ಶಿಶುವಿನ ಶಸ್ತ್ರಚಿಕಿತ್ಸೆಯ ಸಾಧನೆಗಳ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಿದ್ದರು. ಸಾಧನೆಗಳನ್ನು ನೀವೆಲ್ಲ ಬಲ್ಲಿರಿ. ಆ ಸಾಧನೆಗಳೆಲ್ಲ ಇಂದಿಗೂ ಎಡವುತ್ತಿರುವ, ಉಪಕರಣ ಹೊಗಿಸಲು ನೀರುಚೀಲಕ್ಕೆ ಮಾಡುವ ಮೂರು ಮಿಲಿಮೀಟರಿನ ಒಂದು ರಂಧ್ರದ ಬಗ್ಗೆಯೇ ಮಾತನಾಡುತ್ತೇನೆ, ಅಪ್ಪಣೆಯಿರಲಿ.

ಶಿರಾ ಕಡೆಯ ಒಬ್ಬ ಗರ್ಭಿಣಿಗೆ ಒಂದೇ ಮಾಸನ್ನು ಹಂಚಿಕೊಂಡ ಅವಳಿಗಳಿದ್ದವು. ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿಯುತ್ತಿದ್ದುದರಿಂದ ಬೆಂಗಳೂರಿನಲ್ಲಿ ಲೇಸರ್ ಮಾಡಿಸಿಕೊಂಡು, ಮುಂದಿನ ತಪಾಸಣೆಗೆ ನನ್ನಲ್ಲಿಗೆ ಬಂದಿದ್ದರು. ಜೊತೆಯಲ್ಲಿ ಅತ್ತೆ. ನಾನು ಸ್ಕ್ಯಾನ್ ಪರದೆಯಲ್ಲಿ ಎರಡೂ ಹೃದಯಗಳನ್ನು ತೋರಿಸಿ, ಮಾಸಿನ ರಕ್ತನಾಳಗಳನ್ನು ಲೇಸರಿನಿಂದ ಹೇಗೆ ಮುಚ್ಚುತ್ತಾರೆಂಬುದನ್ನು ಬಹಳ ಉತ್ಸಾಹದಿಂದ, ಕೈಸನ್ನೆ ಸಮೇತ, ವಿವರಿಸಿದೆ. ಆ ಅತ್ತೆ ಅಷ್ಟನ್ನೂ ತಾಳ್ಮೆಯಿಂದ ಕೇಳಿ, ಎಲೆಯಡಿಕೆಯನ್ನು ದವಡೆಯ ಒಂದು ಬದಿಗೆ ಸರಿಸಿಕೊಂಡು, "ಅದೆಲ್ಲ ಸರಿ ಡಾಕ್ಟ್ರಮ್ಮ, ಹೊಟ್ಟೆ ಮೇಲಿನ ತೂತಿಗೆ ಹೊಲಿಗೆ ಹಾಕವ್ರೆ. ಒಳಗಿನ ನೀರಿನ ಚೀಲದ ತೂತಿಗೆ ಏನ್ ಹಾಕವ್ರೆ?" ಎಂದರು. ಆಸ್ಪತ್ರೆಯಲ್ಲಿ ಎಲೆಯಡಿಕೆ ಹಾಕಬಾರದೆಂದು ಗದರಿಸಬೇಕಿದ್ದ ನಾನು ಆ ಪ್ರಶ್ನೆಗೆ ತಲೆಬಾಗಿ ಸುಮ್ಮನಾದೆ. ವಿಚಾರಗೋಷ್ಠಿಗಳಲ್ಲಿ ಪ್ರಾಧ್ಯಾಪಕರು ಇಷ್ಟು ನೇರವಾಗಿ ಕೇಳಿದ್ದನ್ನು ನಾನು ಕಂಡಿಲ್ಲ.

ಏಕೆಂದರೆ ಬಹುಪಾಲು ಸಂದರ್ಭಗಳಲ್ಲಿ ಅಲ್ಲಿಗೆ ಏನನ್ನೂ ಹಾಕಿರುವುದಿಲ್ಲ. ನೀರಿನ ಚೀಲದ ಒಳಪದರವಾದ ಆಮ್ನಿಯಾನ್ ಪೊರೆಗೆ ರಕ್ತನಾಳಗಳಿಲ್ಲ, ನರಗಳಿಲ್ಲ. ಅದರ ಬಲವೆಲ್ಲ ಕೊಲಾಜನ್ ಎಳೆಗಳದು. ಚರ್ಮದ ಗಾಯ ಮಾಯುವುದಕ್ಕೆ ಬೇಕಾದ ರಕ್ತದ ಹೆಪ್ಪಾಗಲಿ, ಅದರೊಡನೆ ಧಾವಿಸಿ ಬರುವ ಜೀವಕೋಶಗಳಾಗಲಿ ಇಲ್ಲಿಗೆ ತಲುಪುವುದಿಲ್ಲ. ಹೆರಿಗೆಯ ನಂತರ ಪೊರೆಯನ್ನು ಹರಡಿ ನೋಡಿದರೆ, ವಾರಗಳ ಹಿಂದೆ ಉಪಕರಣ ಹೊಕ್ಕ ಜಾಗ ಹಾಗೆಯೇ ತೆರೆದಿರುವುದು ಕಾಣುತ್ತದೆ. ಗಾಯದ ಅಂಚಿನಲ್ಲಿ ಕನೆಕ್ಸಿನ್ 43 ಎಂಬ ಪ್ರೋಟೀನು ಹೆಚ್ಚಾಗುವುದೇ ಮಾಯುವಿಕೆಗೆ ಅಡ್ಡಿಯಾಗಿರಬಹುದೆಂದು ಲಂಡನ್ನಿನ ಸಂಶೋಧಕರು ತೋರಿಸಿದ್ದಾರೆ.

ಇದರ ಬೆಲೆ ಸಣ್ಣದಲ್ಲ. ಅವಳಿಗಳ ಈ ತೊಂದರೆಗೆ ಹೆಚ್ಚಾದ ಗರ್ಭಜಲವನ್ನು ಸೂಜಿಯಿಂದ ತೆಗೆಯುವುದಕ್ಕಿಂತ ಲೇಸರ್ ಮೇಲೆಂದು 2004ರ ಯುರೋಪಿನ ಪ್ರಯೋಗ ಸಾಬೀತುಪಡಿಸಿತು. ಆದರೆ ಇಂಥ ಚಿಕಿತ್ಸೆಗಳ ನಂತರ ಸುಮಾರು ಮೂರರಲ್ಲೊಬ್ಬರಿಗೆ ಅವಧಿಗೆ ಮುನ್ನವೇ ನೀರು ಒಡೆಯುತ್ತದೆ. ತೀವ್ರ ವಪೆ ಹರ್ನಿಯಾ, ಅಂದರೆ ಎದೆ-ಹೊಟ್ಟೆಗಳ ನಡುವಿನ ಪರದೆಯಲ್ಲಿ ತೂತು, ಇರುವ ಶಿಶುವಿನ ಶ್ವಾಸನಾಳಕ್ಕೆ ಬಲೂನು ಇಡುವ ಚಿಕಿತ್ಸೆಯ ಬಗ್ಗೆ 2021ರಲ್ಲಿ ಪ್ರಕಟವಾದ ಅಧ್ಯಯನವನ್ನು ನೋಡಿ: ಬದುಕುಳಿದವರು ಶೇ. 15ರಿಂದ ಶೇ. 40ಕ್ಕೆ ಏರಿದರು, ಅವಧಿಪೂರ್ವ ನೀರು ಒಡೆಯುವಿಕೆ ಶೇ. 11ರಿಂದ ಶೇ. 47ಕ್ಕೆ ಏರಿತು. ಉಳಿಸಿಕೊಂಡ ಮಗುವನ್ನು ಅದೇ ರಂಧ್ರ ಬೇಗನೆ ಹೊರಗೆಳೆಯುತ್ತದೆ.

ಮುಚ್ಚಲು ಯತ್ನಗಳಾಗಿಲ್ಲವೆಂದಲ್ಲ. 1996ರಲ್ಲಿ ರೂಬೆನ್ ಕ್ವಿಂಟೆರೊ ಅವರು ಪ್ಲೇಟ್‌ಲೆಟ್ ಹಾಗೂ ಕ್ರಯೋಪ್ರೆಸಿಪಿಟೇಟನ್ನು (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳ ಸಾರ) ಗರ್ಭಜಲಕ್ಕೆ ಸೇರಿಸಿ ಸೋರುವಿಕೆಯನ್ನು ನಿಲ್ಲಿಸಿದರು. ಕೆಲವರಲ್ಲಿ ಅದು ಫಲಿಸಿತು. ಉಪಕರಣ ಹೊರತೆಗೆಯುವಾಗ ಜೆಲಾಟಿನ್ ಬೆಣೆಯನ್ನು ಬಿಟ್ಟುಬರುವ ಪದ್ಧತಿಯೂ ಬಂತು, ಆದರೆ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ನೀರು ಒಡೆಯುವುದು ಕಡಿಮೆಯಾಗಲಿಲ್ಲ. ಬಂಡೆಗೆ ಅಂಟಿಕೊಳ್ಳುವ ಕಡಲ ಚಿಪ್ಪುಜೀವಿಯ ಪ್ರೋಟೀನನ್ನು ಅನುಕರಿಸಿದ, ಒದ್ದೆಯಲ್ಲೂ ಹಿಡಿಯುವ ಅಂಟು ಎಲ್ಲಕ್ಕಿಂತ ಸ್ವಾರಸ್ಯಕರವಾದುದು. ಮೊಲಗಳಲ್ಲಿ ಅದನ್ನು ಪರೀಕ್ಷಿಸಿದ್ದಾರೆ. ಮೊಲದ ಗರ್ಭಾವಧಿಯೇ ಒಂದು ತಿಂಗಳು, ಅಂಟು ಒಂದು ವಾರ ಹಿಡಿದರೆ ಸಾಕು. ನಮ್ಮ ಹೆಣ್ಣುಮಕ್ಕಳಲ್ಲಿ ಅದು ಹತ್ತು ಹನ್ನೆರಡು ವಾರ, ಹಿಗ್ಗುತ್ತಿರುವ ಗರ್ಭಕೋಶದಲ್ಲಿ, ಒಂದರ ಮೇಲೊಂದು ಜಾರುವ ಎರಡು ಪೊರೆಗಳ ನಡುವೆ ಬಾಳಬೇಕು.

ಆದ್ದರಿಂದಲೇ ನನ್ನ ವಾದ ಇಷ್ಟು: ತೂತು ಮಾಡುವ ಮೊದಲೇ ಮುಚ್ಚುವುದನ್ನು ಯೋಚಿಸಬೇಕು. ಬೆನ್ನುಹುರಿಯ ದೋಷವನ್ನು ದರ್ಶಕದ (ಕ್ಯಾಮೆರಾ ಇರುವ ತೆಳು ಕೊಳವೆಯ) ಮೂಲಕ ಸರಿಪಡಿಸುವ ಕೆಲವು ತಂಡಗಳು ತಾಯಿಯ ಹೊಟ್ಟೆಯನ್ನು ತೆರೆದು, ಉಪಕರಣ ಹೊಗಿಸುವ ಮೊದಲೇ ಪೊರೆಗಳನ್ನು ಗರ್ಭಕೋಶದ ಗೋಡೆಗೆ ಹೊಲಿದು ನಿಲ್ಲಿಸುತ್ತವೆ. ಇದು ಹೊಸ ಅಂಟಿಗಿಂತ ದೊಡ್ಡ ಹೆಜ್ಜೆಯೆಂದು ನನ್ನ ನಂಬಿಕೆ, ಏಕೆಂದರೆ ಅಲ್ಲಿ ಮುಚ್ಚುವ ಯೋಚನೆ ತೂತಿಗಿಂತ ಮೊದಲು ಬಂದಿದೆ.

ಅಧ್ಯಕ್ಷರು ಎರಡನೆಯ ಚೀಟಿ ಕಳುಹಿಸಿದ್ದಾರೆ. ಮೊದಲನೆಯದನ್ನು ನಾನು ಓದಿದಂತೆ ನಟಿಸಿದ್ದೆ. ಉಪಕರಣಗಳ ದಪ್ಪದ ಬಗ್ಗೆ ಹೇಳಬೇಕಿದ್ದುದನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ: ದಪ್ಪ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಸೋಂಕಿನ ಭಾಗವನ್ನು ಪೂರ್ತಿಯಾಗಿ ಬಿಡುತ್ತೇನೆ.

ಪಾವಗಡದಲ್ಲೋ ಮಧುಗಿರಿಯಲ್ಲೋ ಕೆಲಸ ಮಾಡುವ ಕಿರಿಯರಿಗೆ ಎರಡು ಕೋರಿಕೆಗಳಿವೆ. ಅವಳಿ ಗರ್ಭವೆಂದು ತಿಳಿದೊಡನೆ, 11ರಿಂದ 13 ವಾರಗಳೊಳಗೆ, ಮಾಸು ಒಂದೋ ಎರಡೋ ಎಂಬುದನ್ನು ಸ್ಕ್ಯಾನಿನಲ್ಲಿ ನೋಡಿ ಕಾರ್ಡಿನಲ್ಲಿ ಬರೆಯಿರಿ. ಆಮೇಲೆ ಅದನ್ನು ಗುರುತಿಸುವುದು ಕಷ್ಟ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಮರಳಿದವರು ಬಟ್ಟೆ ಒದ್ದೆಯಾಯಿತೆಂದರೆ, ಮೂತ್ರವಿರಬಹುದೆಂದು ಹೇಳಿ ಕಳುಹಿಸದೆ, ಅದೇ ದಿನ ಪರೀಕ್ಷಿಸಿ.